ಮಂಡಿಪೇಟೆಯಲ್ಲಿ ಮಾಡಿಸಿದ ಏಳು ಕಲ್ಲಿನ ಓಲೆ: ವಜ್ರದ ಗುಣ ಮತ್ತು ಅಂಗಡಿಯ ನಡವಳಿಕೆ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಸುತ್ತಮುತ್ತ ಚಿನ್ನ ಬೆಳ್ಳಿಯ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ವಜ್ರದ ಓಲೆ ಕೊಳ್ಳಲು ಹೋದವರ ಮುಂದೆ ಇನ್ನೂ ಕೂರಿಸದ ಬಿಡಿ ಕಲ್ಲುಗಳ ಪೊಟ್ಟಣವನ್ನು ಬಿಚ್ಚಿಟ್ಟು, ಚಿಮುಟವನ್ನೂ ಲೂಪನ್ನೂ (ಕಲ್ಲು ನೋಡುವ ಪುಟ್ಟ ಭೂತಗನ್ನಡಿ) ಕೈಗೆ ಕೊಟ್ಟು, "ಕಿಟಕಿ ಹತ್ರ ತಗೊಂಡು ಹೋಗಿ ನೋಡ್ರಿ" ಎನ್ನುವ ಅಂಗಡಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ತಂಗಿಯ ಮಗಳ ಮದುವೆಗೆಂದು ನಾವು ಏಳು ಕಲ್ಲಿನ ಓಲೆಯ ಜೊತೆಯನ್ನು ಮಾಡಿಸಿದ್ದು ಮಂಡಿಪೇಟೆಯ ಅಂಥ ಒಂದು ಹಳೆಯ ಅಂಗಡಿಯಲ್ಲಿ. ಆ ಅಂಗಡಿ ಚೆನ್ನಾಗಿ ಮಾಡಿದ ಕೆಲಸಗಳು ಯಾವುವು, ಇನ್ನೂ ಸುಧಾರಿಸಿಕೊಳ್ಳಬೇಕಾದವು ಯಾವುವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ವಜ್ರದ ಗುಣವನ್ನು ಅಳೆಯುವ ಬಗೆ ತಿಳಿಯದೆ ಅಂಗಡಿಯನ್ನು ಅಳೆಯಲಾಗದು, ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಕಲ್ಲಿನ ಕುರಿತೇ ಇದೆ.

ನಮ್ಮ ಕಡೆ ಆಭರಣ ಕೊಳ್ಳುವವರು ಮೊದಲು ವಿಚಾರಿಸುವುದು ಶುದ್ಧತೆಯನ್ನು. ಚಿನ್ನಕ್ಕೆ ಅದು ಸರಿಯಾದ ಪ್ರಶ್ನೆಯೇ. 22 ಕ್ಯಾರೆಟ್ ಎಂದರೆ ನೂರರಲ್ಲಿ 91.6 ಭಾಗ ಚಿನ್ನ, 18 ಕ್ಯಾರೆಟ್ ಎಂದರೆ 75 ಭಾಗ. ಆ ಒಂದು ಅಂಕಿ ಗೊತ್ತಾದರೆ ಚಿನ್ನದ ಗುಣ ಬಹುಪಾಲು ಗೊತ್ತಾದಂತೆ. ವಜ್ರಕ್ಕೆ ಅಂಥ ಒಂದೇ ಅಂಕಿ ಇಲ್ಲ. ಅದರ ಬಣ್ಣ ಬೇರೆ, ಒಳಗಿನ ಸ್ವಚ್ಛತೆ ಬೇರೆ, ಸಾಣೆ ಹಿಡಿದ ರೀತಿ ಬೇರೆ, ತೂಕ ಬೇರೆ. ಇವುಗಳಲ್ಲಿ ಒಂದು ಉತ್ತಮವಾಗಿದ್ದು ಇನ್ನೊಂದು ಕಳಪೆಯಾಗಿರುವ ಕಲ್ಲುಗಳೇ ಮಾರುಕಟ್ಟೆಯಲ್ಲಿ ಹೆಚ್ಚು. "ವಿವಿಎಸ್ ಕಲ್ಲು, ಪ್ಯೂರ್ ಇದೆ" ಎಂಬ ಮಾತು ಸ್ವಚ್ಛತೆಯನ್ನು ಮಾತ್ರ ಹೇಳುತ್ತದೆ. ಅದನ್ನು ಇಡೀ ಗುಣವೆಂದು ತಿಳಿದು ಹಣ ಕೊಟ್ಟವರ ಓಲೆ ಮದುವೆ ಮಂಟಪದಲ್ಲಿ ಮಂಕಾಗಿ ಕಾಣುವುದನ್ನು ನಾನು ಕಂಡಿದ್ದೇನೆ. ಕಿವಿಗೆ ಹಾಕುವ ಸಣ್ಣ ಕಲ್ಲುಗಳ ಮಟ್ಟಿಗೆ ನನ್ನ ನಿಶ್ಚಿತ ಅಭಿಪ್ರಾಯವೆಂದರೆ ಮೊದಲು ಸಾಣೆ, ಆಮೇಲೆ ಕಲ್ಲುಗಳ ಹೊಂದಾಣಿಕೆ, ಆಮೇಲೆ ಬಣ್ಣ, ಸ್ವಚ್ಛತೆ ಕೊನೆಗೆ. ಹೆಚ್ಚಿನ ಅಂಗಡಿಗಳಲ್ಲಿ ಮಾತುಕತೆ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ಕ್ರಮದಲ್ಲಿ.

ತೂಕದ ವಿಷಯವನ್ನು ಮೊದಲು ಮುಗಿಸಿಬಿಡೋಣ. ವಜ್ರದ 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ನೂರರಲ್ಲೊಂದು ಭಾಗವೇ ವ್ಯಾಪಾರಿಗಳು ಹೇಳುವ ಸೆಂಟ್. ನಾವು ಆರಿಸಿದ್ದು ಸುಮಾರು 7 ಸೆಂಟಿನ 14 ಕಲ್ಲುಗಳು, ಒಟ್ಟು 98 ಸೆಂಟ್. ಹೆಚ್ಚುಕಡಿಮೆ ಒಂದು ಕ್ಯಾರೆಟ್ ಆಯಿತೆಂದು, ಒಂದು ಕ್ಯಾರೆಟ್ಟಿನ ಒಂಟಿ ಕಲ್ಲಿನ ದರವನ್ನು ಇದಕ್ಕೆ ಹಚ್ಚಬಾರದು. ದೊಡ್ಡ ಕಲ್ಲು ಭೂಮಿಯಲ್ಲಿ ಅಪರೂಪ, ಆದ್ದರಿಂದ ಗಾತ್ರ ಏರಿದಂತೆ ಪ್ರತಿ ಕ್ಯಾರೆಟ್ಟಿನ ದರವೇ ಏರುತ್ತದೆ; ಅದೇ ಬಣ್ಣ, ಅದೇ ಸ್ವಚ್ಛತೆಯ ಒಂಟಿ ಕಲ್ಲಿನ ಬೆಲೆಗಿಂತ 14 ಸಣ್ಣ ಕಲ್ಲುಗಳ ಒಟ್ಟು ಬೆಲೆ ಬಹಳ ಕಡಿಮೆ ಇರಬೇಕು. ನಮ್ಮ ಅಂಗಡಿಯವರು ಇದನ್ನು ಕೇಳುವ ಮೊದಲೇ ವಿವರಿಸಿ, 7 ಸೆಂಟಿನ ಕಲ್ಲಿಗೆ ಕ್ಯಾರೆಟ್ ದರ ಎಷ್ಟು, 10 ಸೆಂಟಿನದಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಈ ಚೀಟಿ ಸಿಗದ ಅಂಗಡಿಯಲ್ಲಿ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನು ಸಾಣೆ. ಬೆಲೆಯ ಪಟ್ಟಿಯಲ್ಲಿ ಕಾಣದಿದ್ದರೂ ಕಣ್ಣಿಗೆ ಕಾಣುವ ಹೊಳಪು ನಿಂತಿರುವುದು ಇದರ ಮೇಲೆಯೇ. ದುಂಡು ಬ್ರಿಲಿಯಂಟ್ ಕಲ್ಲಿನಲ್ಲಿ 57 ಮುಖಗಳಿರುತ್ತವೆ. ತಳದ ಚೂಪನ್ನೂ ಚಪ್ಪಟೆ ಮಾಡಿದ್ದರೆ 58. ಮೇಲಿನಿಂದ ಒಳಗೆ ಹೊಕ್ಕ ಬೆಳಕು ಕೆಳಭಾಗದ ಓರೆ ಮುಖಗಳಿಗೆ ಬಡಿದು, ಒಂದರಿಂದ ಇನ್ನೊಂದಕ್ಕೆ ಹಾಯ್ದು, ಮತ್ತೆ ಮೇಲಕ್ಕೇ ಬಂದು ನೋಡುವವರ ಕಣ್ಣಿಗೆ ತಲುಪಬೇಕು. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, 2.42 ರಷ್ಟು ಹೆಚ್ಚಾಗಿರುವುದರಿಂದ ಇದು ಸಾಧ್ಯವಾಗುತ್ತದೆ, ಆದರೆ ಮುಖಗಳ ಕೋನ ಸರಿಯಾಗಿದ್ದರೆ ಮಾತ್ರ. ಆ ಕೋನಗಳ ಲೆಕ್ಕವನ್ನು ಬೆಲ್ಜಿಯಂನ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919 ರಲ್ಲಿ ಗಣಿತದಿಂದ ಬಿಡಿಸಿ ತೋರಿಸಿದರು. ಇಂದಿನ ದುಂಡು ಕಲ್ಲಿನ ಸಾಣೆಗೆ ಇಂದಿಗೂ ಅದೇ ಬುನಾದಿ. ಕಲ್ಲು ಬೇಕಾದದ್ದಕ್ಕಿಂತ ತೆಳುವಾಗಿದ್ದರೆ ಬೆಳಕು ತಳದಿಂದ ಸೋರಿಹೋಗಿ ನಡುಭಾಗ ಗಾಜಿನ ಚೂರಿನಂತೆ ಖಾಲಿಯಾಗಿ ಕಾಣುತ್ತದೆ. ಬೇಕಾದದ್ದಕ್ಕಿಂತ ಆಳವಾಗಿದ್ದರೆ ನಡುಭಾಗ ಕಪ್ಪಾಗಿ ಮುಚ್ಚಿಕೊಳ್ಳುತ್ತದೆ.

ಆಳದ ಕಲ್ಲಿನಲ್ಲಿ ಕೊಳ್ಳುವವರಿಗೆ ಇನ್ನೊಂದು ನಷ್ಟವೂ ಇದೆ. ಸಾಣೆ ಹಿಡಿಯುವಾಗ ಕಚ್ಚಾ ಕಲ್ಲಿನ ತೂಕ ಕಳೆಯಬಾರದೆಂದು ಕೆಳಭಾಗವನ್ನು ದಪ್ಪವಾಗಿಯೇ ಉಳಿಸಿರುತ್ತಾರೆ. ತೂಕಕ್ಕೆ ಹಣ ಕೊಡುವವರು ನಾವು, ಆ ತೂಕವೋ ಓಲೆಯ ಒಳಗೆ ಕಾಣದ ಕಡೆ ಅಡಗಿರುತ್ತದೆ. ಇದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರವೇನೂ ಬೇಡ. ಸರಿಯಾಗಿ ಸಾಣೆ ಹಿಡಿದ 1 ಕ್ಯಾರೆಟ್ಟಿನ ದುಂಡು ಕಲ್ಲಿನ ವ್ಯಾಸ ಸುಮಾರು 6.5 ಮಿಲಿಮೀಟರ್, 10 ಸೆಂಟಿನದು ಸುಮಾರು 3 ಮಿಲಿಮೀಟರ್, 7 ಸೆಂಟಿನದು ಸುಮಾರು 2.7 ಮಿಲಿಮೀಟರ್. ಅಂಗಡಿಯಲ್ಲಿರುವ ಅಳತೆಯ ಗೇಜಿನಲ್ಲಿ 7 ಸೆಂಟಿನ ಕಲ್ಲು 2.5 ಎಂದು ತೋರಿಸಿದರೆ ಆ ಕಲ್ಲನ್ನು ಪಕ್ಕಕ್ಕಿಡಬಹುದು. ನಮ್ಮ ಮುಂದೆ ಬಂದ ಮೊದಲ ಪೊಟ್ಟಣದಲ್ಲಿ ಅಂಥ ಕಲ್ಲುಗಳು ಒಂದೆರಡು ಇದ್ದವು. ಅಂಗಡಿಯ ಹಿರಿಯರು ವಾದಕ್ಕಿಳಿಯದೆ ಅವನ್ನು ತೆಗೆದು ಬೇರೆ ಪೊಟ್ಟಣ ತರಿಸಿದರು. ಈ ಒಂದು ನಡವಳಿಕೆಯೇ ನಾವು ಅಲ್ಲಿ ಮುಂಗಡ ಕೊಡಲು ಕಾರಣವಾಯಿತು.

ಏಳು ಕಲ್ಲಿನ ಓಲೆಗೆ ಅಳತೆಯ ಸಮತೆ ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ವೃತ್ತದ ಸುತ್ತ ಅದೇ ಅಳತೆಯ ಆರು ವೃತ್ತಗಳು ಒಂದಕ್ಕೊಂದು ತಾಗಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಸರಿಯಾಗಿ ಕೂರುತ್ತವೆ. ನಮ್ಮ ಅಜ್ಜಿಯರ ಕಾಲದಿಂದ ಬಂದ ಈ ವಿನ್ಯಾಸದ ಚೆಲುವು ಇರುವುದು ಆ ಜ್ಯಾಮಿತಿಯಲ್ಲಿ. ಒಂದು ಕಲ್ಲು ಕೂದಲೆಳೆಯಷ್ಟು ಚಿಕ್ಕದಾದರೂ ಪಕ್ಕದಲ್ಲಿ ಸಂದು ಬೀಳುತ್ತದೆ, ಅಕ್ಕಸಾಲಿಗರು ಆ ಸಂದನ್ನು ಚಿನ್ನದಿಂದ ತುಂಬಬೇಕಾಗುತ್ತದೆ, ಹೂವಿನಂತೆ ಕಾಣಬೇಕಾದ ಓಲೆ ಒಂದು ಕಡೆ ವಾಲಿದಂತೆ ಕಾಣುತ್ತದೆ. ಹೀಗಾಗಿ 14 ಕಲ್ಲುಗಳನ್ನೂ ಬಿಳಿ ಕಾಗದದ ಮಡಿಕೆಯಲ್ಲಿ ಒಂದೇ ಸಾಲಿಗೆ ಜೋಡಿಸಿ, ಅಳತೆ, ಹೊಳಪು, ಬಣ್ಣ ಮೂರನ್ನೂ ಒಟ್ಟಿಗೆ ನೋಡುವುದು ಅಗತ್ಯ. ಸಣ್ಣ ಕಲ್ಲುಗಳಲ್ಲಿ ಕೆಲವು 'ಸಿಂಗಲ್ ಕಟ್' ಇರುತ್ತವೆ, ಅಂದರೆ 57 ರ ಬದಲು 17 ಮುಖಗಳನ್ನು ಮಾತ್ರ ಹೊಂದಿರುತ್ತವೆ. ಫುಲ್ ಕಟ್ ಕಲ್ಲುಗಳ ನಡುವೆ ಅಂಥದ್ದು ಸೇರಿಕೊಂಡರೆ ಅದೊಂದೇ ಬೇರೆಯಾಗಿ ಮಿನುಗುತ್ತದೆ. ಲೂಪಿನಲ್ಲಿ ಇದು ಅಭ್ಯಾಸವಿಲ್ಲದವರಿಗೂ ಗೊತ್ತಾಗುತ್ತದೆ.

ಬೆಳಕಿನ ಬಗ್ಗೆ ಒಂದು ಮಾತು. ಅಂಗಡಿಗಳ ಚಾವಣಿಯಲ್ಲಿ ಸಾಲಾಗಿ ಉರಿಯುವ ಎಲ್‌ಇಡಿ ದೀಪಗಳ ಕೆಳಗೆ ಯಾವ ಕಲ್ಲಾದರೂ ಹೊಳೆಯುತ್ತದೆ, ಅಮೆರಿಕನ್ ಡೈಮಂಡ್ ಕೂಡ. ಒಳ್ಳೆಯ ಸಾಣೆಯ ಕಲ್ಲು ಮಬ್ಬು ಬೆಳಕಿನಲ್ಲೂ ಸತ್ತು ಹೋಗುವುದಿಲ್ಲ, ಆದ್ದರಿಂದ ಅದನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ನೋಡಬೇಕು. ಮಂಡಿಪೇಟೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಅಂಥ ಜಾಗ ಕಡಿಮೆ. ಈ ಅಂಗಡಿಯವರು ಮಹಡಿಯ ಕಿಟಕಿಯನ್ನು ಅದಕ್ಕೆಂದೇ ತೆರವಾಗಿಟ್ಟಿದ್ದಾರೆ. ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಸಂಜೆ ಕೊಳ್ಳುವವರ ದಟ್ಟಣೆಯೂ ಇರುತ್ತದೆ, ದೀಪದ ಬೆಳಕೇ ಗತಿಯಾಗುತ್ತದೆ.

ಬಣ್ಣಕ್ಕೆ ಬಂದರೆ, 1931 ರಲ್ಲಿ ಸ್ಥಾಪನೆಯಾದ ಅಮೆರಿಕದ ಜಿಐಎ ಸಂಸ್ಥೆ ರೂಢಿಗೆ ತಂದ ಶ್ರೇಣಿಯೇ ಎಲ್ಲ ಕಡೆ ನಡೆಯುತ್ತಿದೆ. ಡಿ ಎಂದರೆ ಬಣ್ಣವೇ ಇಲ್ಲದ್ದು, ಅಲ್ಲಿಂದ ಝಡ್‌ವರೆಗೆ ಹಳದಿ ಅಥವಾ ಕಂದು ಛಾಯೆ ಏರುತ್ತ ಹೋಗುತ್ತದೆ. ನಮ್ಮ ವ್ಯಾಪಾರದಲ್ಲಿ 'ಇಎಫ್', 'ಜಿಎಚ್', 'ಐಜೆ' ಎಂದು ಎರಡೆರಡು ಅಕ್ಷರ ಕೂಡಿಸಿ ಹೇಳುವುದು ವಾಡಿಕೆ. ಹಳದಿ ಚಿನ್ನದಲ್ಲಿ ಕೂರುವ ಸಣ್ಣ ಕಲ್ಲಿಗೆ ಇಎಫ್ ಬೇಕೆಂದು ಹೆಚ್ಚಿನ ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ಅನಗತ್ಯ, ಏಕೆಂದರೆ ಚಿನ್ನದ ಬಣ್ಣವೇ ಕಲ್ಲಿನೊಳಗೆ ಪ್ರತಿಫಲಿಸುತ್ತದೆ. ಜಿಎಚ್ ಧಾರಾಳವಾಗಿ ಸಾಕು. ಬಿಳಿ ಚಿನ್ನಕ್ಕಾದರೆ ಮಾತು ಬೇರೆ. ಛಾಯೆಯನ್ನು ತಿಳಿಯಲು ಕಲ್ಲನ್ನು ಬೋರಲು ಇಟ್ಟು ಬದಿಯಿಂದ ನೋಡಬೇಕು. ನೆಟ್ಟಗಿದ್ದಾಗ ಹೊಳಪು ಬಣ್ಣವನ್ನು ಮುಚ್ಚಿಬಿಡುತ್ತದೆ.

ನಮ್ಮ ತಾಯಿಯವರ ಆಸೆ ಇದ್ದದ್ದು 'ಬ್ಲೂ ಜಾಗರ್' ಕಲ್ಲಿನ ಮೇಲೆ. ದಕ್ಷಿಣ ಭಾರತದ ಹಿರಿಯರಲ್ಲಿ ಈ ಹೆಸರಿಗೆ ಇರುವ ಗೌರವ ದೊಡ್ಡದು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬರುತ್ತಿದ್ದ ನಸುನೀಲಿ ಹೊಳಪಿನ ಬಿಳಿ ಕಲ್ಲುಗಳಿಂದ ಆ ಹೆಸರು ಬಂದಿದೆ. ಇಂದು ಆ ಹೆಸರಿನಲ್ಲಿ ಮಾರುವ ಕಲ್ಲುಗಳು ಸಾಮಾನ್ಯವಾಗಿ ನೀಲಿ ಪ್ರತಿದೀಪ್ತಿ ಇರುವಂಥವು, ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಗುಲಿದಾಗ ನೀಲಿ ಬೆಳಕನ್ನು ಹೊಮ್ಮಿಸುವಂಥವು. ಇದು ದೋಷವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ; ಸ್ವಲ್ಪ ಹಳದಿ ಛಾಯೆಯ ಕಲ್ಲನ್ನು ಅದು ಬಿಳುಪಾಗಿ ತೋರಿಸುವುದೂ ಉಂಟು. ಆದರೆ ಪ್ರತಿದೀಪ್ತಿ ಬಹಳ ತೀವ್ರವಾಗಿದ್ದರೆ ಕೆಲವು ಕಲ್ಲುಗಳು ಬಿಸಿಲಿಗೆ ಹಿಡಿದಾಗ ಹಾಲು ಬೆರೆತಂತೆ ಮಬ್ಬಾಗುತ್ತವೆ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅಂಥವಕ್ಕೆ, ಅದರಲ್ಲೂ ಬಣ್ಣದ ಮೇಲಿನ ಶ್ರೇಣಿಯವಕ್ಕೆ, ಬೆಲೆ ಇಳಿಯುತ್ತದೆ. ಅಂಗಡಿಯ ಹಿರಿಯರು ನೇರಳಾತೀತ ಟಾರ್ಚ್ ಹಿಡಿದು ಎರಡು ಬಗೆಯನ್ನೂ ತೋರಿಸಿ, "ಅಮ್ಮಾರೇ, ನೀಲಿ ಅಂತ ಜಾಸ್ತಿ ರೊಕ್ಕ ಕೊಡಬ್ಯಾಡ್ರಿ, ಬಿಸಿಲಾಗ ತಿಳಿ ಇದ್ರೆ ತಗೊಳ್ರಿ" ಎಂದರು. ಮಾರುವವರ ಬಾಯಿಂದ ಈ ಮಾತು ಬಂದದ್ದು ಮೆಚ್ಚಬೇಕಾದದ್ದು. ತಾಯಿಯವರು ಕೊನೆಗೆ ಒಪ್ಪಿದ್ದು ಮಂದ ಪ್ರತಿದೀಪ್ತಿಯ ಕಲ್ಲುಗಳನ್ನು.

ಸ್ವಚ್ಛತೆಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನಿರ್ಧರಿಸುತ್ತಾರೆ. ವಿವಿಎಸ್ ಎಂದರೆ ಒಳಗಿನ ಚುಕ್ಕೆಗಳನ್ನು ನುರಿತವರೂ ಕಷ್ಟಪಟ್ಟು ಕಾಣಬೇಕು. ವಿಎಸ್ ಎಂದರೆ ಪ್ರಯತ್ನಪಟ್ಟರೆ ಕಾಣುತ್ತದೆ. ಎಸ್‌ಐ ಎಂದರೆ ಲೂಪಿನಲ್ಲಿ ಸುಲಭವಾಗಿ ಕಾಣುತ್ತದೆ. ಐ ಎಂದರೆ ಬರಿಗಣ್ಣಿಗೇ ಕಾಣುವ ಸಂಭವವಿದೆ. 7 ಸೆಂಟಿನ ಕಲ್ಲಿನಲ್ಲಿ ವಿಎಸ್‌ಗೂ ವಿವಿಎಸ್‌ಗೂ ಇರುವ ವ್ಯತ್ಯಾಸವನ್ನು ಕಿವಿಯ ಮೇಲಿರುವಾಗ ಯಾರೂ ಗುರುತಿಸಲಾರರು. ಗಮನಿಸಬೇಕಾದದ್ದು ಕಲೆ ಇರುವ ಜಾಗವನ್ನು. ನಡುವಿನಲ್ಲಿ ಕಪ್ಪು ಚುಕ್ಕೆ ಇರಬಾರದು, ಅಂಚಿಗೆ ತಾಗಿದ ಸೀಳು ಇರಬಾರದು. ವಜ್ರ ಎಲ್ಲಕ್ಕಿಂತ ಗಟ್ಟಿ ಎಂಬುದು ಗೀರು ಬೀಳುವ ವಿಷಯದಲ್ಲಿ ನಿಜ, ಆದರೆ ಸರಿಯಾದ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಅದು ಒಡೆಯುತ್ತದೆ, ಅಂಚಿನ ಸೀಳು ಆ ಅಪಾಯವನ್ನು ಹೆಚ್ಚಿಸುತ್ತದೆ. ಸೀಳಿಗೆ ಗಾಜಿನಂಥ ವಸ್ತು ತುಂಬಿ ಮುಚ್ಚಿದ ಕಲ್ಲುಗಳೂ ಇರುತ್ತವೆ. ಮುಂದೆ ರಿಪೇರಿಗೆಂದು ಬೆಂಕಿಯ ಶಾಖ ತಗುಲಿದಾಗ ಅದು ಹಾಳಾಗಬಹುದು. "ಯಾವ ಸಂಸ್ಕರಣೆಯೂ ಆಗಿಲ್ಲ" ಎಂದು ಬಿಲ್ಲಿನಲ್ಲಿ ಬರೆಸಿಕೊಂಡರೆ ಈ ಚಿಂತೆ ಇರುವುದಿಲ್ಲ.

ಈಗಿನ ದಿನಗಳಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಬರೆಸಿಕೊಳ್ಳಬೇಕಾದ ಮಾತು ಇನ್ನೊಂದಿದೆ: ಕಲ್ಲು ಗಣಿಯದೋ, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದು. ಸಿವಿಡಿ ಮತ್ತು ಎಚ್‌ಪಿಎಚ್‌ಟಿ ವಿಧಾನಗಳಲ್ಲಿ ಬೆಳೆಸಿದ ಕಲ್ಲುಗಳು ನಿಜವಾದ ವಜ್ರಗಳೇ. ಅವೂ ಇಂಗಾಲದ ಅದೇ ಹರಳು, ಅದೇ ಗಡಸುತನ, ಅದೇ ಹೊಳಪು. ಅವನ್ನು ನಕಲಿ ಎನ್ನುವುದು ತಪ್ಪು. ಆದರೆ ಬೆಲೆಯಲ್ಲಿ ಎರಡಕ್ಕೂ ಅಜಗಜಾಂತರವಿದೆ, ಹಿಂದಿರುಗಿಸಲು ಹೋದಾಗ ಆ ಅಂತರ ಇನ್ನೂ ಹೆಚ್ಚುತ್ತದೆ. ಅಂಗಡಿಗಳಲ್ಲಿ ಕಲ್ಲಿಗೆ ತಾಗಿಸಿ 'ಪೀಂ' ಎನ್ನಿಸುವ ಪೆನ್ನಿನಂಥ ಟೆಸ್ಟರ್ ಶಾಖ ಎಷ್ಟು ಬೇಗ ಹರಿಯುತ್ತದೆಂದು ಮಾತ್ರ ನೋಡುತ್ತದೆ. ಅದು ಅಮೆರಿಕನ್ ಡೈಮಂಡನ್ನು ಬೇರ್ಪಡಿಸುತ್ತದೆ. ಬೆಳೆಸಿದ ವಜ್ರವನ್ನು ಗಣಿಯ ವಜ್ರದಿಂದ ಬೇರ್ಪಡಿಸಲಾರದು, ಶಾಖವನ್ನಷ್ಟೇ ಅಳೆಯುವ ಟೆಸ್ಟರಿನಲ್ಲಿ ವಜ್ರದಂತೆ ಕಾಣುವ, ಆದರೆ ವಜ್ರವಲ್ಲದ ಮಾಯ್ಸನೈಟ್ ಕಲ್ಲೂ ಪಾಸಾಗಿಬಿಡುತ್ತದೆ. ಬೇರೊಂದು ರಸ್ತೆಯ ಅಂಗಡಿಯಲ್ಲಿ ಈ ಪೆನ್ನನ್ನು ತೋರಿಸಿಯೇ "ನ್ಯಾಚುರಲ್" ಎಂದು ಖಾತರಿ ಕೊಡಲು ಬಂದರು, ಬಿಲ್ಲಿನಲ್ಲಿ ಆ ಪದ ಬರೆಯಲು ಒಪ್ಪಲಿಲ್ಲ. ನಾವು ಅಲ್ಲಿಂದ ಎದ್ದು ಬಂದೆವು.

ಮಂಡಿಪೇಟೆಯ ಅಂಗಡಿಯವರು ಓಲೆ ಸಿದ್ಧವಾದ ಮೇಲೆ ಪ್ರಯೋಗಾಲಯಕ್ಕೆ ಕಳಿಸಿ, ಐಜಿಐ ಕಾರ್ಡ್ ಮಾಡಿಸಿಕೊಟ್ಟರು. 1975 ರಲ್ಲಿ ಆಂಟ್ವೆರ್ಪ್ ನಗರದಲ್ಲಿ ಆರಂಭವಾದ ಈ ಸಂಸ್ಥೆಯ ವರದಿಯೇ ನಮ್ಮ ದೇಶದ ಆಭರಣಗಳಲ್ಲಿ ಹೆಚ್ಚಾಗಿ ಕಾಣುವುದು. ಕಾರ್ಡಿನಲ್ಲಿ ಕಲ್ಲುಗಳು ನೈಸರ್ಗಿಕ ಎಂಬುದು, ಸಂಖ್ಯೆ, ಒಟ್ಟು ತೂಕ, ಬಣ್ಣ ಮತ್ತು ಸ್ವಚ್ಛತೆಯ ಶ್ರೇಣಿ ಇವೆ. ವರದಿಯ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಹೋಲಿಸಿಯೂ ನೋಡಿದೆವು. ಆದರೆ ಕಾರ್ಡಿನ ಮಿತಿಯನ್ನು ತಿಳಿದಿರಬೇಕು. ಕೂರಿಸಿದ ಕಲ್ಲನ್ನು ಕಟ್ಟಡ, ಅಂದರೆ ಅದನ್ನು ಹಿಡಿದಿರುವ ಚಿನ್ನದ ಚೌಕಟ್ಟು, ಬಿಟ್ಟುಕೊಟ್ಟಷ್ಟು ಮಾತ್ರ ಪರೀಕ್ಷಿಸಲಾಗುತ್ತದೆ. ನಮ್ಮ ಕಾರ್ಡಿನಲ್ಲಿ ಸಾಣೆಯ ದರ್ಜೆ ಇಲ್ಲ, ದುಂಡು ಬ್ರಿಲಿಯಂಟ್ ಎಂಬ ಆಕಾರದ ಹೆಸರಷ್ಟೇ ಇದೆ. ಯಾವ ಗುಣವನ್ನು ನಾನು ಮೊದಲನೆಯದೆಂದು ಹೇಳಿದೆನೋ ಅದೇ ಗುಣ ಕಾರ್ಡಿನಲ್ಲಿ ಇಲ್ಲದಿರುವುದರಿಂದ, ಕಿಟಕಿಯ ಬಳಿ ಕಣ್ಣಾರೆ ನೋಡುವ ಕೆಲಸವನ್ನು ಯಾವ ಕಾರ್ಡೂ ತಪ್ಪಿಸುವುದಿಲ್ಲ.

ಕಟ್ಟಡದ ವಿಷಯದಲ್ಲಿ ಮನೆಯಲ್ಲಿ ಚರ್ಚೆ ನಡೆಯಿತು. ಹಳೆಯ ಬೆಂಡೋಲೆಗಳಲ್ಲಿ ಹಿಂಬದಿ ಪೂರ್ತಿ ಮುಚ್ಚಿರುತ್ತದೆ. ಅದರ ಗಾಂಭೀರ್ಯವೇ ಬೇರೆ ಎಂಬುದು ತಾಯಿಯವರ ವಾದ. ಮುಚ್ಚಿದ ಕಟ್ಟಡದಲ್ಲಿ ಕಲ್ಲಿನ ಆಳವೂ ಬದಿಯ ಬಣ್ಣವೂ ಯಾರಿಗೂ ಕಾಣುವುದಿಲ್ಲ, ಮುಂದೊಮ್ಮೆ ಬೆಲೆ ಕಟ್ಟಿಸುವಾಗ ಅದೇ ತೊಡಕಾಗುತ್ತದೆ. ಹಿಂಬದಿ ತೆರೆದ ಕಟ್ಟಡವನ್ನು ನಾವು ಆರಿಸಿದೆವು. ಅದನ್ನು 18 ಕ್ಯಾರೆಟ್ ಚಿನ್ನದಲ್ಲಿ ಮಾಡಿಸಿದ್ದೂ ಉದ್ದೇಶಪೂರ್ವಕವಾಗಿಯೇ, ಏಕೆಂದರೆ 22 ಕ್ಯಾರೆಟ್ ಮೆದುವಾದದ್ದರಿಂದ ಕಲ್ಲು ಹಿಡಿಯುವ ಉಗುರುಗಳು ಬೇಗ ಸವೆದು ಸಡಿಲವಾಗುತ್ತವೆ. ಕೂರಿಸುವ ಕೆಲಸ ಅಚ್ಚುಕಟ್ಟಾಗಿದೆ. ಏಳೂ ಕಲ್ಲುಗಳ ಮೇಲ್ಮೈ ಒಂದೇ ಮಟ್ಟದಲ್ಲಿದೆ, ಉಗುರು ಕೂದಲಿಗೆ ಸಿಕ್ಕುವುದಿಲ್ಲ. ಹೇಳಿದ ದಿನಕ್ಕೆ ಮಾತ್ರ ಓಲೆ ಕೈಸೇರಲಿಲ್ಲ, ಮದುವೆಯ ಹೊತ್ತಿನಲ್ಲಿ ಅದು ಸಣ್ಣ ಆತಂಕವಲ್ಲ. ಮುಹೂರ್ತ ಹತ್ತಿರವಿದ್ದವರು ಗಡುವನ್ನು ಮುಂಗಡದ ರಸೀತಿಯಲ್ಲೇ ಬರೆಸಬೇಕು.

ಬಿಲ್ಲು ಸ್ಪಷ್ಟವಾಗಿತ್ತು. ಒಟ್ಟು ತೂಕದಿಂದ ಕಲ್ಲಿನ ತೂಕವನ್ನು ಕಳೆದು ನಿವ್ವಳ ಚಿನ್ನಕ್ಕೆ ಮಾತ್ರ ಚಿನ್ನದ ದರ ಹಾಕಿದ್ದರು. 98 ಸೆಂಟ್ ಎಂದರೆ 196 ಮಿಲಿಗ್ರಾಂ, ಇದನ್ನು ಕಳೆಯದ ಬಿಲ್ಲಿನಲ್ಲಿ ವಜ್ರಕ್ಕೆ ಒಮ್ಮೆ, ಅದೇ ತೂಕದ ಚಿನ್ನಕ್ಕೆ ಇನ್ನೊಮ್ಮೆ ಹಣ ಕೊಟ್ಟಂತಾಗುತ್ತದೆ. ಮಜೂರಿ ಪ್ರತ್ಯೇಕ ಸಾಲಿನಲ್ಲಿತ್ತು, ಶೇ. 3 ಜಿಎಸ್‌ಟಿ ಇನ್ನೊಂದು ಸಾಲಿನಲ್ಲಿ. ಓಲೆಯ ತಿರುಪಿನ ಬಳಿ ಹಾಲ್‌ಮಾರ್ಕ್, ಅಂದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 18ಕೆ750 ಮತ್ತು ಆ ಆಭರಣದ್ದೇ ಆದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ ಇವೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ಹಾಲ್‌ಮಾರ್ಕ್ ಚಿನ್ನದ ಖಾತರಿಯೇ ಹೊರತು ವಜ್ರದ್ದಲ್ಲ ಎಂಬುದನ್ನು ಮಾತ್ರ ಮರೆಯಬಾರದು, ಎಷ್ಟೋ ಜನ ಹಾಲ್‌ಮಾರ್ಕ್ ಇದೆಯೆಂದು ಕಲ್ಲಿನ ಬಗ್ಗೆಯೂ ನಿಶ್ಚಿಂತರಾಗುತ್ತಾರೆ.

ಅಂಗಡಿಯ ದೊಡ್ಡ ಕೊರತೆ ಮರಳಿ ಕೊಳ್ಳುವ ಷರತ್ತಿನದು. ವಿನಿಮಯಕ್ಕೆ ತಂದರೆ ಕಲ್ಲಿನ ಬೆಲೆಯಲ್ಲಿ ಎಷ್ಟು ಕಳೆಯುತ್ತಾರೆ, ನಗದು ಕೇಳಿದರೆ ಎಷ್ಟು, ಲೆಕ್ಕ ಹಾಕುವುದು ಕೊಂಡ ದಿನದ ದರಕ್ಕೋ ತಂದ ದಿನದ ದರಕ್ಕೋ ಎಂಬುದನ್ನು ಅವರು ಬಾಯಿಮಾತಿನಲ್ಲಿ ಹೇಳಿದರು. ಒತ್ತಾಯಿಸಿದ ಮೇಲೆಯೇ ಬಿಲ್ಲಿನ ಹಿಂದೆ ಬರೆದು ಮೊಹರು ಹಾಕಿದ್ದು. ಇಷ್ಟು ನೇರವಾಗಿ ಕಲ್ಲನ್ನು ತೋರಿಸುವವರು ಇದನ್ನು ಅಚ್ಚುಮಾಡಿಸಿ ಗೋಡೆಗೆ ಹಾಕಬೇಕಿತ್ತು. ಚಿನ್ನದಂತೆ ವಜ್ರಕ್ಕೆ ದಿನದಿನದ ಪ್ರಕಟಿತ ದರವಿಲ್ಲದಿರುವುದರಿಂದ ಈ ಬರಹವೇ ಕೊಂಡವರಿಗೆ ಆಧಾರ.

ನಿರ್ವಹಣೆಯ ಬಗ್ಗೆ ಅವರು ಕೊಟ್ಟ ಸಲಹೆ ಉಪಯುಕ್ತವಾಗಿತ್ತು. ವಜ್ರಕ್ಕೆ ಎಣ್ಣೆ ಜಿಡ್ಡು ಬೇಗ ಅಂಟುತ್ತದೆ, ತಲೆಗೆ ಎಣ್ಣೆ ಹಚ್ಚುವ ನಮ್ಮ ಮನೆಗಳಲ್ಲಿ ಓಲೆ ಕೆಲವೇ ವಾರಗಳಲ್ಲಿ ಮಂಕಾಗುವುದು ಅದರಿಂದಲೇ. ಅಂಟುವಾಳದ ಅಥವಾ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆದುವಾದ ಬ್ರಷ್ಷಿನಿಂದ ಹಿಂಬದಿಯನ್ನೂ ಉಜ್ಜಿದರೆ ಹೊಳಪು ಮರಳುತ್ತದೆ. ಮುಚ್ಚಿದ ಕಟ್ಟಡದ ಹಳೆಯ ಓಲೆಗಳನ್ನು ಮಾತ್ರ ನೀರಿನಲ್ಲಿ ನೆನೆಸಬಾರದು, ಒಳಗೆ ನೀರು ನಿಲ್ಲುತ್ತದೆ.

ಓಲೆ, ಮೂಗುಬೊಟ್ಟು, ಬೇಸರಿಯಂಥ ಸಣ್ಣ ಕಲ್ಲುಗಳ ಆಭರಣ ಮಾಡಿಸುವವರಿಗೆ, ಬೆಳಗಿನ ಹೊತ್ತು ಬಿಡುವು ಮಾಡಿಕೊಂಡು ಕೂತು ಕಲ್ಲು ಆರಿಸುವ ತಾಳ್ಮೆ ಇರುವವರಿಗೆ, ದಾವಣಗೆರೆಯವರಾಗಲಿ ಚಿತ್ರದುರ್ಗದಿಂದ ಬರುವವರಾಗಲಿ, ಇಂಥ ಅಂಗಡಿಯನ್ನು ನಾನು ಮನಸ್ಸಿಟ್ಟು ಶಿಫಾರಸು ಮಾಡುತ್ತೇನೆ. ಅರ್ಧ ಕ್ಯಾರೆಟ್ ಮೀರಿದ ಒಂಟಿ ಕಲ್ಲಿನ ಉಂಗುರ ಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಆ ಗಾತ್ರದಲ್ಲಿ ಪ್ರತಿ ಕಲ್ಲಿಗೂ ಸಾಣೆಯ ದರ್ಜೆ ಸಹಿತ ಪ್ರತ್ಯೇಕ ವರದಿ ಇರಬೇಕು, ಕಲ್ಲಿನ ಅಂಚಿನಲ್ಲಿ ಲೇಸರಿನಿಂದ ಕೆತ್ತಿದ ಸಂಖ್ಯೆ ಆ ವರದಿಗೆ ಹೊಂದಬೇಕು, ಪಕ್ಕದಲ್ಲಿಟ್ಟು ಹೋಲಿಸಲು ಹಲವು ಕಲ್ಲುಗಳಿರಬೇಕು. ಇಲ್ಲಿ ಅಷ್ಟು ದಾಸ್ತಾನು ಇಲ್ಲ, ಕೇಳಿದರೆ ಬೆಂಗಳೂರಿನಿಂದ ಒಂದೆರಡನ್ನು ತರಿಸಿಕೊಡುವುದಾಗಿ ಹೇಳುತ್ತಾರೆ.